ಆವರೇಜ್ ಸಾಬಣ್ಣನ ಕಾಲು

ಜಮಖಂಡಿ, ಮುಧೋಳದ ಕಡೆ ಯಾರಾದರೂ ಹೊಸ ಕಾರು ತಂದರೆ ಮೊದಲು ಪೂಜೆ, ಆಮೇಲೆ ಪೇಡೆ, ಪೇಡೆ ಇನ್ನೂ ಬಾಯಲ್ಲಿ ಇರುವಾಗಲೇ ಒಂದು ಪ್ರಶ್ನೆ: “ಆವರೇಜ್ ಎಷ್ಟ ಕೊಡತೈತಿ?” ಲೀಟರಿಗೆ ಎಷ್ಟು ಕಿಲೋಮೀಟರು ಓಡುತ್ತದೆ ಎನ್ನುವುದಕ್ಕೆ ಇಲ್ಲಿನವರು ಇಟ್ಟ ಹೆಸರು ಅದು. ಹೆಚ್ಚು ಕಡಿಮೆ ಎಲ್ಲವನ್ನೂ ಕೂಡಿಸಿ ಭಾಗಿಸಿದರೆ ಬರುವುದು ಸರಾಸರಿ ಎಂದು ಶಾಲೆಯಲ್ಲಿ ಮಾಸ್ತರರು ಕಲಿಸಿರುತ್ತಾರೆ. ಗಾಡಿಯ ಆವರೇಜಿಗೆ ಆ ಲೆಕ್ಕ ನಡೆಯುವುದಿಲ್ಲ. ಗಾಡಿ ತನ್ನ ಜನ್ಮದಲ್ಲಿ ಯಾವತ್ತೋ ಒಂದು ದಿನ, ಒಬ್ಬನೇ ಕೂತಾಗ, ಗಾಳಿ ಬೆನ್ನಿಗಿದ್ದಾಗ ಕೊಟ್ಟ ಎಲ್ಲಕ್ಕಿಂತ ದೊಡ್ಡ ಅಂಕಿಯೇ ಅದರ ಆವರೇಜ್. ಅದರ ಮೇಲೆ ಒಂದು ಕೂಡಿಸಿ ಹೇಳುವುದು ರೂಢಿ. ಕೇಳುವವನೂ ಮನಸ್ಸಿನಲ್ಲಿ ಎರಡು ಕಳೆದುಕೊಂಡೇ ಕೇಳುತ್ತಾನೆ. ಹೀಗಾಗಿ ಯಾರಿಗೂ ಮೋಸವಾದಂತೆ ಅನ್ನಿಸುವುದಿಲ್ಲ.

ಈ ಸುಳ್ಳಿನ ಸಂತೆಯಲ್ಲಿ ಒಬ್ಬನೇ ಒಬ್ಬ ಮನುಷ್ಯನ ಅಂಕಿಯನ್ನು ಜನ ಕಳೆಯದೆ ಕೂಡಿಸದೆ ಒಪ್ಪುತ್ತಿದ್ದರು. ಅವನ ಹೆಸರು ಸಾಬಣ್ಣ. ಊರವರ ಬಾಯಲ್ಲಿ ಆವರೇಜ್ ಸಾಬಣ್ಣ.

ಜಮಖಂಡಿಯ ಒಂದು ಕಾರ್ ಶೋರೂಮಿನ ಸರ್ವಿಸ್ ಶೆಡ್ಡಿನಲ್ಲಿ ಅವನ ಕೆಲಸ. ಬೋಲ್ಟು ತಿರುವುವ ಕೆಲಸವನ್ನು ಬೇರೆಯವರು ಮಾಡುತ್ತಿದ್ದರು. ಸಾಬಣ್ಣನನ್ನು ಕರೆಯುತ್ತಿದ್ದದ್ದು ಸಿಟ್ಟಿಗೆದ್ದ ಗಿರಾಕಿ ಬಂದಾಗ. ಗಿರಾಕಿ ಒಳಗೆ ಕಾಲಿಡುತ್ತಲೇ, “ಡೀಸೆಲ್ ಗಾಡಿ, ಇಪ್ಪತ್ನಾಕ ಕೊಡತೈತಿ ಅಂತ ಹೇಳಿ ಮಾರಿದ್ರಿ. ಹದಿನೈದ ಕೊಡಾಕತ್ತೈತಿ. ಎಲ್ಲಿ ಐತಿ ನಿಮ್ಮ ಕಂಪನಿ?” ಎಂದು ಒದರುತ್ತಿದ್ದ. ಮ್ಯಾನೇಜರ್ ಪ್ರಥಮೇಶ ಅವನನ್ನು ಕೂಡಿಸಿ, ಚಹಾ ತರಿಸಿ, ಬಿಸಿ ಇಳಿದ ಮೇಲೆ ಹೊರಗೆ ಕೂಗುತ್ತಿದ್ದ: “ಸಾಬಣ್ಣಾ, ಸಾಹೇಬ್ರನ್ನ ಕರಕೊಂಡ ಒಂದ ರೌಂಡ್ ಹೋಗಿ ಬಾ.”

ಆಮೇಲಿನದೆಲ್ಲ ಒಂದು ವ್ರತದಂತೆ ನಡೆಯುತ್ತಿತ್ತು. ಗಾಲಿಗಳಿಗೆ ಸರಿಯಾಗಿ ಹವಾ ಹಾಕುವುದು. ಡಿಕ್ಕಿಯಲ್ಲಿ ಗಿರಾಕಿ ಮರೆತು ಬಿಟ್ಟ ಗೊಬ್ಬರದ ಚೀಲ, ಮೋಟಾರಿನ ಪೈಪು ಇದ್ದರೆ ಇಳಿಸುವುದು. ಪಂಪಿಗೆ ಹೋಗಿ ಟಾಕಿ ತುಂಬಿಸಿ, ಗಾಡಿಯ ಹಿಂಭಾಗವನ್ನು ಎರಡೂ ಕೈಯಿಂದ ಅಲುಗಾಡಿಸಿ, ಒಳಗಿನ ಗುಳ್ಳೆ ಇಳಿದ ಮೇಲೆ ಮತ್ತೆ ಬಾಯಿಮಟ್ಟ ತುಂಬಿಸುವುದು. ನಂತರ ಕಿಟಕಿ ಏರಿಸಿ, ಎಸಿ ಬಂದ್ ಮಾಡಿ, ಮುಧೋಳದ ರಸ್ತೆ ಹಿಡಿಯುವುದು. ಐವತ್ತರ ಆಚೆ ಈಚೆ ಮುಳ್ಳು ಅಲುಗಾಡುತ್ತಿರಲಿಲ್ಲ. ಹಂಪ್ಸ್ ಬರುವುದು ಅವನ ಕಾಲಿಗೆ ಕಣ್ಣಿಗಿಂತ ಮೊದಲು ಗೊತ್ತಾಗುತ್ತಿತ್ತು. ಬ್ರೇಕಿನ ಕೆಲಸವೇ ಬೀಳುತ್ತಿರಲಿಲ್ಲ. ಮುಂದೆ ಕಬ್ಬಿನ ಟ್ರ್ಯಾಕ್ಟರು ಎರಡು ಟ್ರೈಲರ್ ಎಳೆದುಕೊಂಡು ಹೊರಟಿದ್ದರೆ ಅದರ ಹಿಂದೆ ಆರಾಮಾಗಿ ಹೋಗುತ್ತಿದ್ದ. ಪಕ್ಕದಲ್ಲಿ ಕೂತ ಗಿರಾಕಿ ಬೆವರು ಒರೆಸಿಕೊಳ್ಳುತ್ತ, “ಒಂದ್ಸಲ ಹೊಡದ ಮುಂದ ಹೋಗೋ ಯಪ್ಪಾ” ಎಂದು ಗೋಗರೆದರೂ ಸಾಬಣ್ಣನದು ಅದೇ ಕಾಲು, ಅದೇ ವೇಗ. ತಿರುಗಿ ಬಂದು ಅದೇ ಪಂಪಿನಲ್ಲಿ ಮತ್ತೆ ಬಾಯಿಮಟ್ಟ ತುಂಬಿಸಿ ಭಾಗಿಸಿದರೆ ಇಪ್ಪತ್ತೆರಡು, ಕೆಲವೊಮ್ಮೆ ಇಪ್ಪತ್ಮೂರು.

“ಗಾಡಿ ಛಲೋ ಐತ್ರಿ” ಎಂದಷ್ಟೇ ಹೇಳಿ ಸಾಬಣ್ಣ ಚಾವಿ ಕೊಡುತ್ತಿದ್ದ. ನಿಮಗೆ ಓಡಿಸಲು ಬರುವುದಿಲ್ಲ ಎಂದು ಅವನು ಯಾರಿಗೂ ಅಂದವನಲ್ಲ. ಅನ್ನುವ ಅಗತ್ಯವೂ ಇರಲಿಲ್ಲ. ಹುಲಿಯಂತೆ ಬಂದ ಗಿರಾಕಿ ತಾನೇ ತನ್ನ ಕಾಲು ನೋಡಿಕೊಳ್ಳುತ್ತ, ಹೆಂಡತಿಗೆ ಮನೆಯಲ್ಲಿ ಏನು ಹೇಳುವುದೆಂದು ಯೋಚಿಸುತ್ತ ಹೋಗುತ್ತಿದ್ದ.

ಈ ಕಾಲು ಸಾಬಣ್ಣನಿಗೆ ಬಂದದ್ದು ಬನಹಟ್ಟಿಯಿಂದ. ಅವನ ಅಪ್ಪ ಸೀರೆ ನೇಯುವವ. ನೆಲದ ಕುಣಿಯೊಳಗೆ ಕಾಲಿಳಿಬಿಟ್ಟು ಕೂಡುವ ಕೈಮಗ್ಗ. ಕಾಲಿನ ಹಲಗೆಯನ್ನು ಗಟ್ಟಿಯಾಗಿ ತುಳಿದರೆ ಎಳೆ ಹರಿಯುತ್ತದೆ, ಮೆಲ್ಲಗೆ ತುಳಿದರೆ ಲಾಳಿಗೆ ದಾರಿ ಬಿಡುವುದಿಲ್ಲ. “ಎಳಿ ಎಷ್ಟ ತಾಳತೈತಿ ಅಷ್ಟ ತುಳಿ” ಎಂಬುದೇ ಅಪ್ಪ ಕೊಟ್ಟ ವಿದ್ಯೆ. ಪಾವರ್‌ಲೂಮು ಬಂದು ಮನೆಯ ಮಗ್ಗ ಮೂಲೆ ಸೇರಿದ ಮೇಲೆ ಸಾಬಣ್ಣ ರಬಕವಿಯ ಗ್ಯಾರೇಜು, ಸಕ್ಕರೆ ಕಾರ್ಖಾನೆಯ ಜೀಪು, ಅಲ್ಲಿ ಇಲ್ಲಿ ತಿರುಗಿ ಜಮಖಂಡಿಗೆ ಬಂದು ನಿಂತ. ಕಾಲು ಮಾತ್ರ ಮಗ್ಗದಲ್ಲೇ ಉಳಿದಿತ್ತು. ಅವನ ಹೆಂಡತಿ ಕೆಂಪವ್ವನಿಗೆ ಈ ಕಾಲಿನ ಮೇಲೆ ಅಂಥ ಗೌರವವೇನೂ ಇರಲಿಲ್ಲ. ಸ್ಕೂಟರಿನ ಹಿಂದೆ ಕೂತು ಸಂತೆಯಿಂದ ಬರುವಾಗ ಅವಳು ಬೆನ್ನಿಗೆ ತಿವಿದು ಹೇಳುತ್ತಿದ್ದಳು: “ನಿಮ್ಮ ಕೂಡ ಬಂದ್ರ ಮನಿ ಮುಟ್ಟೂದ್ರಾಗ ಕಾಯಿಪಲ್ಯಾ ಬಾಡತಾವ. ನಾ ಆಟೋಕ್ಕ ಬರ್ತೇನಿ ಬಿಡ್ರಿ.”

ಸಾಬಣ್ಣ ತನ್ನನ್ನು ಪ್ರಾಮಾಣಿಕನೆಂದೇ ತಿಳಿದಿದ್ದ. ಒಮ್ಮೆ ಕಂಪನಿಯವರು ಟ್ರೇನಿಂಗಿಗೆ ಪುಣೆಗೆ ಕರೆದಿದ್ದಾಗ, ಗಾಡಿಯ ಸರ್ಕಾರಿ ಅಂಕಿ ಎಲ್ಲಿ ಹುಟ್ಟುತ್ತದೆ ಎಂದು ವಿಡಿಯೋ ತೋರಿಸಿದ್ದರು. ಮುಚ್ಚಿದ ಕೋಣೆ. ನೆಲದಲ್ಲಿ ರೋಲರು. ಗಾಡಿ ನಿಂತಲ್ಲೇ ನಿಂತಿರುತ್ತದೆ, ಗಾಲಿ ಮಾತ್ರ ತಿರುಗುತ್ತಿರುತ್ತವೆ. ಬಿಸಿಲಿಲ್ಲ, ಧೂಳಿಲ್ಲ, ಅಡ್ಡ ಬರುವ ಎಮ್ಮೆಯಿಲ್ಲ, “ಹಾರ್ನ್ ಹೊಡಿಯೋ” ಎನ್ನುವ ಮಾವನಿಲ್ಲ. ಸಾಬಣ್ಣ ಊರಿಗೆ ಬಂದು ಅದನ್ನು ಎಲ್ಲರಿಗೂ ನಗುತ್ತ ಹೇಳಿದ್ದ. “ಅವರದು ಕ್ವಾಣ್ಯಾಗ ಹುಟ್ಟಿದ ಅಂಕಿ. ನಂದು ರೋಡಿನ ಮ್ಯಾಲ ಹುಟ್ಟಿದ್ದು” ಎಂಬುದು ಅವನ ಹೆಮ್ಮೆ. ಆ ಹೆಮ್ಮೆಯಲ್ಲಿ ಸುಳ್ಳೇನೂ ಇರಲಿಲ್ಲ. ಅಡಚಣೆ ಬಂದದ್ದು ಅಲ್ಲೇ.

ಫೆಬ್ರವರಿಯ ಒಂದು ದಿನ ಮಹಾಲಿಂಗಪುರದ ಶಿದ್ರಾಮಪ್ಪ ಸಾಹುಕಾರರು ಶೋರೂಮಿಗೆ ಬಂದರು. ಬೆಲ್ಲದ ಪೇಟೆಯಲ್ಲಿ ಅವರದು ಹಳೆಯ ಅಡತ ಅಂಗಡಿ, ದಲಾಲಿ ವ್ಯಾಪಾರ. ರೈತರು ತಂದ ಬೆಲ್ಲ ಅವರ ಕಟ್ಟೆಯ ಮುಂದೆಯೇ ಸವಾಲಿಗೆ, ಅಂದರೆ ಹರಾಜಿಗೆ, ಬರುತ್ತಿತ್ತು. ಬಿಳಿ ಡೀಸೆಲ್ ಕಾರನ್ನು ತಾವೇ ಓಡಿಸಿಕೊಂಡು ಬಂದಿದ್ದರು. ರೂಢಿಯಿಲ್ಲದ ಕೈ ಎಂದು ಅವರು ಗೇಟಿನಲ್ಲಿ ಗಾಡಿ ತಿರುಗಿಸಿದ ರೀತಿಯಲ್ಲೇ ಸಾಬಣ್ಣನಿಗೆ ತಿಳಿಯಿತು. ಅವರು ಒದರಲಿಲ್ಲ, ಕಂಪನಿಯನ್ನು ಬೈಯಲಿಲ್ಲ, ಚಹಾ ಕೂಡ ಬೇಡವೆಂದರು.

“ನನ್ನ ಗಾಡಿ ಖರೆ ಎಷ್ಟ ಕೊಡತೈತಿ, ಅಷ್ಟ ನೋಡಿ ಹೇಳು” ಎಂದರು.

ವ್ರತ ನಡೆಯಿತು. ಇಪ್ಪತ್ತೆರಡು ಬಂತು. ಇಂಥ ಹೊತ್ತಿನಲ್ಲಿ ಗಿರಾಕಿಯ ಮುಖ ಸಪ್ಪೆಯಾಗುವುದನ್ನು ನೋಡಿ ನೋಡಿ ಸಾಬಣ್ಣನಿಗೆ ರೂಢಿಯಾಗಿತ್ತು. ಸಾಹುಕಾರರ ಮುಖ ಸಪ್ಪೆಯಾಗಲಿಲ್ಲ, ಬಿಗಿದುಕೊಂಡಿತು. “ಮತ್ತೊಮ್ಮೆ ಭಾಗಿಸು” ಎಂದರು. ಮತ್ತೊಮ್ಮೆ ಭಾಗಿಸಿದರೂ ಅಷ್ಟೇ.

“ಸಾಕು” ಎಂದು ಅವರು ಚಾವಿ ಇಸಿದುಕೊಂಡರು. ಗಾಡಿ ಚೆನ್ನಾಗಿದೆ ಎಂದು ತಿಳಿದರೂ ಒಬ್ಬ ಮನುಷ್ಯ ಇಷ್ಟು ದುಃಖದಲ್ಲಿ ಹೋಗುವುದನ್ನು ಸಾಬಣ್ಣ ಕಂಡಿರಲಿಲ್ಲ. ದೊಡ್ಡವರ ತಲೆಯಲ್ಲಿ ನೂರೆಂಟು ಇರುತ್ತವೆ ಎಂದುಕೊಂಡು ಮರೆತುಬಿಟ್ಟ.

ಮುಂದಿನ ವಾರ ರಜೆಯ ದಿನ ಬೆಳಿಗ್ಗೆ ಒಬ್ಬ ಮನುಷ್ಯ ಅವನ ಮನೆಯ ಮುಂದೆ ಬಂದು ನಿಂತ. ಐವತ್ತು ದಾಟಿದ ವಯಸ್ಸು, ಬಿಳಿ ಅಂಗಿ, ಹಣೆಯ ಮೇಲೆ ಭಂಡಾರದ ಹಳದಿ. ಕೆಂಪವ್ವ ಒಳಗೆ ಕರೆದರೂ ಬರಲಿಲ್ಲ. ಚಹಾ ಕೊಟ್ಟರೂ ಮುಟ್ಟಲಿಲ್ಲ.

“ನಾ ಹಾಲಸಿದ್ದಪ್ಪ ಅಂತ್ರಿ. ಮಾಲಿಂಗಪೂರ ಶಿದ್ರಾಮಪ್ಪ ಸಾವಕಾರ್ರ ಗಾಡಿ ಓಡಸಾಂವ” ಎಂದ. “ನೀವ ಇಪ್ಪತ್ತೆರಡ ಅಂದ್ರಂತಲ್ರಿ.”

“ಹೌದು. ಬಂತು, ಅಂದೆ.”

“ನನ್ನ ಕೈಯಾಗ ಆ ಗಾಡಿ ಹದಿನಾಕರ ಮ್ಯಾಲ ಕೊಟ್ಟಿದ್ದ ಇಲ್ರಿ. ಉಳದ ಎಣ್ಣಿ ಎಲ್ಲಿ ಹೋತು ಅಂತ ಸಾವಕಾರ್ರು ಕೇಳಿದ್ರು. ಮನ್ಯಾಗ ಅಲ್ರಿ. ಸವಾಲ ನಡದಾಗ, ಪ್ಯಾಟ್ಯಾಗ, ಎಲ್ಲಾರ ಮುಂದ ‘ಕಳ್ಳ’ ಅಂದ್ರು.”

ಸಾಬಣ್ಣ ಕೈಯಲ್ಲಿದ್ದ ಚಹಾದ ಬಸಿಯನ್ನು ಕೆಳಗಿಟ್ಟ. ಸಾಹುಕಾರರ ಬಿಗಿದ ಮುಖದ ಅರ್ಥ ಅವನಿಗೆ ಈಗ ಆಯಿತು.

ಹಾಲಸಿದ್ದಪ್ಪನಿಗೆ ಕೋಪವಿದ್ದಂತೆ ಕಾಣಲಿಲ್ಲ. ಇದ್ದರೆ ಸಾಬಣ್ಣನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ನಿಧಾನವಾಗಿ ಹೇಳಿದ. ಸಾಹುಕಾರರ ಬಳಿ ಜೀಪು ಇದ್ದ ಕಾಲದಿಂದಲೂ ಅವನೇ ಡ್ರೈವರು. ಸಾಹುಕಾರರ ತಾಯಿಯನ್ನು ಕೊನೆಯ ಸಲ ಆಸ್ಪತ್ರೆಗೆ ಒಯ್ದವನೂ ಅವನೇ, ಮರಳಿ ತಂದವನೂ ಅವನೇ. ಕಳ್ಳ ಎಂದ ಮೇಲೆ ಅವನು ಮಹಾಲಿಂಗೇಶ್ವರನ ಗುಡಿಯ ಮೆಟ್ಟಿಲು ಮುಟ್ಟಿ ಆಣೆ ಮಾಡುತ್ತೇನೆ ಎಂದಿದ್ದ. “ಆಣಿ ಬ್ಯಾಡ, ಅಂಕಿ ಐತಿ” ಎಂದಿದ್ದರಂತೆ ಸಾಹುಕಾರರು.

“ಅಡಕಿಗೆ ಹೋದ ಮಾನ ಆನಿ ಕೊಟ್ರೂ ಬರೂದಿಲ್ಲ ಅಂತಾರ್ರಿ. ನಾ ಅಡಕೀನೂ ಮುಟ್ಟಿಲ್ಲ” ಎಂದ ಹಾಲಸಿದ್ದಪ್ಪ. “ಕೆಲಸ ಹೋತು, ಹೋಗ್ಲಿ. ಕಳ್ಳ ಅನ್ನೂದ ಒಂದ ತಗೀರಿ. ನೀವು ಹಚ್ಚೀರಿ, ನೀವ ತಗೀಬೇಕು.”

ದಿನ ಹೇಗೆ ಓಡಿಸುತ್ತೀ ಎಂದು ಸಾಬಣ್ಣ ಕೇಳಿದ. ಹಾಲಸಿದ್ದಪ್ಪ ಹೇಳುತ್ತ ಹೋದಂತೆ ಸಾಬಣ್ಣನಿಗೆ ಗಾಡಿ ಕಣ್ಣೆದುರು ಓಡತೊಡಗಿತು. ಸಾಹುಕಾರರಿಗೆ ಧೂಳು ಆಗಿಬರುವುದಿಲ್ಲ, ಆದ್ದರಿಂದ ಕೂತಾಗಿನಿಂದ ಇಳಿಯುವತನಕ ಎಸಿ. ಅವರು ಗಾಣದ ಮನೆಗಳಲ್ಲಿ ಬೆಲ್ಲ ಮುರಿದು ರುಚಿ ನೋಡಿ ಮಾತಾಡಿ ಬರುವತನಕ ಗಾಡಿ ಹೊರಗೆ ಚಾಲೂ ಇರಬೇಕು. ಬಂದಾಗ ಒಳಗೆ ತಂಪಿರಬೇಕು. ಡಿಕ್ಕಿಯ ತುಂಬ ಮಾದರಿ ನೋಡಲು ತಂದ ಬೆಲ್ಲದ ಪೆಂಟಿ. ಅವರ ಹೆಂಡತಿ ಗುರುಬಸವ್ವ ಅಕ್ಕನ ತವರು ಬೀಳಗಿಯ ಆಚೆ ಅನಗವಾಡಿ. ಅಲ್ಲಿಗೆ ಹೊರಟರೆ ಮಂದಿ, ರೊಟ್ಟಿಯ ಬುಟ್ಟಿ, ಬರುವಾಗ ಹೊಳೆದಂಡೆಯ ಹೊಲದ ಕಾಯಿಪಲ್ಯೆ. ಸವಾಲಿಗೆ ತಡವಾದರೆ “ಹೊಡಿಯೋ ಹಾಲಸಿದ್ದ” ಎಂಬ ಅವಸರ. ಕಬ್ಬಿನ ಹಂಗಾಮಿನಲ್ಲಿ ಮುಧೋಳದ ರಸ್ತೆಯೆಂದರೆ ಹಿಡಿ, ಬಿಡು, ನಿಲ್ಲು, ಮತ್ತೆ ಹಿಡಿ.

ಹದಿನಾಲ್ಕು ಬರುವುದೇ ಹೆಚ್ಚು. ಇಷ್ಟು ವರ್ಷ ಸಾಬಣ್ಣ ಗಿರಾಕಿಯ ಪಕ್ಕ ಕೂತು ಓಡಿಸಿದ್ದ, ಆ ಗಿರಾಕಿ ದಿನ ಹೇಗೆ ಬದುಕುತ್ತಾನೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಅವನ ಕಿವಿ ಬಿಸಿಯಾದವು. ನಾಚಿಕೆ ಎನ್ನುವುದು ಮೊದಲು ಕಿವಿಗೆ ಬರುತ್ತದೆ ಎಂದು ಅವನಿಗೆ ಆ ದಿನ ಗೊತ್ತಾಯಿತು.

ಅಲ್ಲಿಂದಲೇ ಸಾಹುಕಾರರಿಗೆ ಫೋನು ಹಚ್ಚಿದ. ಹೇಳಬೇಕಾದದ್ದನ್ನೆಲ್ಲ ಹೇಳಿದ.

“ಬಾಯಿ ಮಾತು ಬ್ಯಾಡ ಸಾಬಣ್ಣ” ಎಂದರು ಸಾಹುಕಾರರು. “ನಾಳಿ ಬಾ. ಅವನೂ ಬರಲಿ. ಅವನ ಕೈಯಾಗ ಗಾಡಿ ಕೊಟ್ಟ ನೋಡೂಣು, ನಾನೂ ಹಿಂದ ಕುಂದರತೇನಿ. ಹದಿನಾಕ ಬಂದ್ರ ನಾ ತಪ್ಪು. ಇಪ್ಪತ್ತರ ಮ್ಯಾಲ ಬಂದ್ರ ಅವಾ ತಪ್ಪು. ಆತಿಲ್ಲೋ?”

“ಆತ್ರಿ” ಎಂದ ಸಾಬಣ್ಣ. ಫೋನು ಇಟ್ಟು ಹಾಲಸಿದ್ದಪ್ಪನ ಹೆಗಲ ಮೇಲೆ ಕೈ ಹಾಕಿದ. “ನೋಡಪಾ, ಕೆಲಸ ಸಲೀಸ ಐತಿ. ಪರೀಕ್ಷಾ ಅಂತ ಮೆಲ್ಲಗ ಓಡಸಬ್ಯಾಡ. ಎಸಿ ಹಚ್ಚು. ಟ್ರ್ಯಾಕ್ಟರ್ ಸಿಕ್ರ ಒತ್ತಿ ಹೊಡದ ಮುಂದ ಹೋಗು. ಗೇರ್ ಎಳಿ, ಬ್ರೇಕ್ ತುಳಿ. ಹದಿನಾಕ ತಾನ ಬರತೈತಿ. ತಿಳೀತು?”

“ತಿಳೀತ್ರಿ” ಎಂದು ಹಾಲಸಿದ್ದಪ್ಪ ಬಸ್ ಸ್ಟ್ಯಾಂಡಿನ ದಾರಿ ಹಿಡಿದ.

ಮರುದಿನ ಮಹಾಲಿಂಗಪುರದ ಪಂಪಿನಲ್ಲಿ ಟಾಕಿ ಬಾಯಿಮಟ್ಟ ತುಂಬಿತು. ಹಾಲಸಿದ್ದಪ್ಪ ಸ್ಟೇರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಕೂತ. ಸಾಬಣ್ಣ ಪಕ್ಕಕ್ಕೆ, ಸಾಹುಕಾರರು ಹಿಂದೆ. ಮುಧೋಳ, ಬೀಳಗಿ ದಾಟಿ ಅನಗವಾಡಿಯವರೆಗೆ ಹೋಗಿ ಬರುವುದೆಂದು ಮಾತಾಗಿತ್ತು.

ಪೇಟೆ ದಾಟುವ ಮೊದಲೇ ಸಾಬಣ್ಣನಿಗೆ ಲೆಕ್ಕ ತಪ್ಪುತ್ತಿರುವುದು ಕಂಡಿತು. ಹಾಲಸಿದ್ದಪ್ಪನ ಕಾಲು ಆಕ್ಸಿಲರೇಟರಿನ ಮೇಲೆ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಗೇರು ಬೆಣ್ಣೆಯಂತೆ ಬೀಳುತ್ತಿದ್ದವು. ಮುಳ್ಳು ಐವತ್ತಕ್ಕೆ ಹೋಗಿ ಅಲ್ಲೇ ಮಲಗಿತು. ಸಾಬಣ್ಣ ಕೆಮ್ಮಿದ. ಮತ್ತೆ ಕೆಮ್ಮಿದ. ಹಾಲಸಿದ್ದಪ್ಪ ಮುಂದಿನ ರಸ್ತೆ ಬಿಟ್ಟು ಕಣ್ಣು ಕದಲಿಸಲಿಲ್ಲ.

ಮುಧೋಳ ಸಮೀಪಿಸಿದಾಗ ಕಬ್ಬಿನ ಟ್ರ್ಯಾಕ್ಟರ್ ಸಿಕ್ಕಿತು. ಹಿಂದಿನ ಟ್ರೈಲರಿನಿಂದ ಗಳಗಳು ನೆಲಕ್ಕೆ ತಾಗುವಂತೆ ಜೋತಿದ್ದವು. “ಮುಂದ ರಸ್ತಾ ಖುಲ್ಲಾ ಐತಿ, ಹೊಡಿ” ಎಂದ ಸಾಬಣ್ಣ. “ಇರ್ಲಿ ಬಿಡ್ರಿ” ಎಂದು ಹಾಲಸಿದ್ದಪ್ಪ ಅದರ ಹಿಂದೆಯೇ ಹೋದ. ಬೀಳಗಿಯ ಹತ್ತಿರ ಬಿಸಿಲು ಏರಿತ್ತು. “ಎಸಿ ಹಚ್ಚೋ, ಸಾವಕಾರ್ರಿಗಿ ಸೆಕಿ ಆಗಾಕತ್ತೈತಿ” ಎಂದ ಸಾಬಣ್ಣ. ಹಾಲಸಿದ್ದಪ್ಪ ಕನ್ನಡಿಯಲ್ಲಿ ಹಿಂದೆ ನೋಡಿದ. ಸಾಹುಕಾರರು ಬೆವರು ಒರೆಸಿಕೊಂಡರೇ ಹೊರತು ಹಚ್ಚು ಎಂದು ಅನ್ನಲಿಲ್ಲ. ಎಂದೂ ಧೂಳು ತಾಳದ ಮನುಷ್ಯ ಆ ದಿನ ಧೂಳನ್ನೂ ತಾಳಿದರು, ಸೆಕೆಯನ್ನೂ ತಾಳಿದರು. ಪರೀಕ್ಷೆ ಎಂದು ಗೊತ್ತಾದ ಮೇಲೆ ಯಾರೂ ಇದ್ದಂತೆ ಇರುವುದಿಲ್ಲ; ಬರೆಯುವವನೂ ಅಷ್ಟೇ, ಕಾವಲಿಗೆ ನಿಂತವನೂ ಅಷ್ಟೇ.

ಅನಗವಾಡಿಯ ಹೊಳೆ ಕಂಡಾಗ ಸಾಬಣ್ಣ ಹೇಳುವುದನ್ನೇ ಬಿಟ್ಟ. ಅವನ ಕಣ್ಣು ಹಾಲಸಿದ್ದಪ್ಪನ ಕಾಲಿನ ಮೇಲೇ ಇತ್ತು. ತನ್ನ ಕಾಲಿಗಿಂತ ಹಗುರ ಅದು. ಬೇರೆ ಯಾವ ದಿನವಾಗಿದ್ದರೂ ಇಳಿದು ಅವನ ಬೆನ್ನು ಚಪ್ಪರಿಸುತ್ತಿದ್ದ. ಇವತ್ತು ಮಾತ್ರ, ಈ ಹುಚ್ಚ, ಡ್ರೈವರಿಕೆಯ ಹಮ್ಮಿನಲ್ಲಿ, ತನ್ನ ಕೊರಳಿಗೆ ತಾನೇ ಹಗ್ಗ ಹೊಸೆಯುತ್ತಿದ್ದಾನೆ ಎಂದು ಸಿಟ್ಟು ಬರುತ್ತಿತ್ತು.

ಮರಳಿ ಮಹಾಲಿಂಗಪುರದ ಪಂಪಿಗೆ ಬಂದಾಗ ಮಧ್ಯಾಹ್ನ. ಅದೇ ಪೈಪು, ಅದೇ ಬಾಯಿಮಟ್ಟ. ಸಾಬಣ್ಣ ಗಾಡಿ ಅಲುಗಾಡಿಸಲು ಮರೆತ. ಹಾಲಸಿದ್ದಪ್ಪನೇ ಅಲುಗಾಡಿಸಿ ಇನ್ನಷ್ಟು ಹಿಡಿಸಿದ. ಸಾಹುಕಾರರು ಮೊಬೈಲಿನಲ್ಲಿ ತಾವೇ ಭಾಗಿಸಿದರು.

“ಇಪ್ಪತ್ತೊಂದು” ಎಂದರು.

ಸಿಟ್ಟಿನಿಂದ ಹೇಳಲಿಲ್ಲ. ಕಾರಿನ ಬಾನೆಟ್ಟಿಗೆ ಒರಗಿ ನಿಂತು, “ಹದಿನಾಕ ಬರಲಿ ಅಂತ ಬೇಡಕೋತ ಕುಂತಿದ್ನೆಲೇ ಹಾಲಸಿದ್ದ” ಎಂದರು. “ನೀ ಕಳ್ಳ ಆಗೂದು ನನಗ ಬೇಕಾಗಿತ್ತೇನು?”

ಸಾಬಣ್ಣನಿಗೆ ತಡೆಯಲಾಗಲಿಲ್ಲ. “ಸಾವಕಾರ್ರ, ಈ ಅಂಕಿ ನಿಮ್ಮ ಗಾಡೀದಲ್ರಿ” ಎಂದು ಶುರು ಮಾಡಿದ. ದನಿ ತಾನಾಗಿಯೇ ಏರಿತು. ಪಂಪಿನಲ್ಲಿ ನಿಂತಿದ್ದ ನಾಲ್ಕು ಜನ ತಿರುಗಿ ನೋಡಿದರು. “ಇದು ನಮ್ಮ ಕಾಲಿನ ಅಂಕಿ. ಖಾಲಿ ಡಿಕ್ಕಿ, ಬಂದ್ ಎಸಿ, ಅವಸರಿಲ್ಲ, ಎಲ್ಲೂ ನಿಂತು ಎಣ್ಣಿ ಸುಡೂದಿಲ್ಲ. ನಿಮ್ಮ ಗಾಡಿ ಒಂದ ದಿನಾನೂ ಹಿಂಗ ಓಡೂದಿಲ್ರಿ. ನೀವು ಗಾಣದಾಗ ಕುಂತಾಗ ಅದು ಹೊರಗ ಎಷ್ಟ ಹೊತ್ತ ಉರೀತೈತಿ? ಆ ಎಣ್ಣಿ ಯಾರ ಕುಡದ್ರು? ನಾ ಇಷ್ಟ ವರ್ಷ ಯಾರಿಗೂ ಸುಳ್ಳ ಹೇಳಿಲ್ಲ. ಆದ್ರ ನನ್ನ ಖರೇದಾಗ ಯಾರೂ ಬದುಕಂಗಿಲ್ರಿ.”

ಟಾಕಿ ತುಂಬಿಸುತ್ತಿದ್ದ ಒಬ್ಬಾತ ಅಲ್ಲಿಂದಲೇ ಕೇಳಿದ: “ಹಂಗಾರ ಹ್ವಾದ ವರ್ಷ ನನ್ನ ಗಾಡಿಗಿ ಛಲೋ ಐತಿ ಅಂದಿದ್ದಿ? ನನ್ನ ಹೇಂತಿ ಮುಂದ ನನ್ನ ಹುಚ್ಚನ ಮಾಡಿ ಕಳಿಸಿದ್ದಿ?”

“ಅದೂ ಹಂಗ ರೀ” ಎಂದ ಸಾಬಣ್ಣ. ಆವರೇಜ್ ಸಾಬಣ್ಣ ಎಂಬ ಹೆಸರು ಆ ಪಂಪಿನ ಎಣ್ಣೆ ಬಿದ್ದ ನೆಲದ ಮೇಲೆ ಅಲ್ಲೇ ಜಾರಿ ಬಿತ್ತು. ನಾಳೆ ಇದು ಪ್ರಥಮೇಶನ ಕಿವಿಗೆ ಮುಟ್ಟುತ್ತದೆ ಎಂದೂ ಅವನಿಗೆ ಗೊತ್ತಿತ್ತು. ಆದರೂ ಹೇಳಿದ್ದಕ್ಕೆ ಅವನಿಗೆ ಬೇಸರವಾಗಲಿಲ್ಲ.

ಸಾಹುಕಾರರು ತಲೆ ಅಲ್ಲಾಡಿಸಿದರು. “ನಿನ್ನ ಮಾತು ತಿಳೀತು. ಎಸಿ ತಗದ ಇಡು, ನಿಂತ ಉರದದ್ದ ತಗದ ಇಡು. ಉಳದದ್ದಾದರೂ? ಇವನ ಕಾಲ ಇಷ್ಟ ಹಗೂರ ಐತಿ ಅಂದ್ರ ದಿನಾ ಯಾಕ ಇಲ್ಲ? ನಿನ್ನ ಕೂಡ ಮಾತಾಡಿ ಬಂದಾನ, ನೀ ಅವನ ಪರ ಮಾತಾಡಾಕತ್ತಿ. ನಾ ಏನಂತ ನಂಬಲಿ?”

ಸಾಬಣ್ಣನ ಸಿಟ್ಟು ಹಾಲಸಿದ್ದಪ್ಪನ ಮೇಲೆ ತಿರುಗಿತು. ಎದುರಿಗೆ ಯಾರಿದ್ದಾರೆ, ಏನು ಬಾಯಿಬಿಡುತ್ತಿದ್ದೇನೆ ಎಂಬ ಎಚ್ಚರವೂ ಅವನಿಗೆ ಉಳಿಯಲಿಲ್ಲ.

“ನಿನ್ನಿ ಹೇಳಿದ್ನಿಲ್ಲೋ ನಿನಗ?” ಎಂದು ಕೂಗಿದ. “ಎಸಿ ಹಚ್ಚು, ಒತ್ತಿ ಓಡಸು, ಹದಿನಾಕ ಬರತೈತಿ ಅಂತ ಹೇಳಿದ್ನಿಲ್ಲೋ? ನಿನ್ನ ಮಾನ ನಿನ್ನ ಕಾಲ ಕೆಳಗ ಇತ್ತು. ಒಂದೀಟ ಒತ್ತಿದ್ರ ಮುಗೀತಿತ್ತು. ಯಾಕ ಒತ್ತಲಿಲ್ಲೋ?”

ಸಾಹುಕಾರರು ಬಾನೆಟ್ಟಿನಿಂದ ಎದ್ದು ನಿಂತರು. “ಏನು? ನೀನ ಇವಂಗ ಒತ್ತಿ ಓಡಸಂತ ಹೇಳಿದ್ದಿ?” ಎಂದು ಸಾಬಣ್ಣನನ್ನು ಕೇಳಿ, ಹಾಲಸಿದ್ದಪ್ಪನ ಕಡೆ ತಿರುಗಿದರು. “ಒತ್ತಿದ್ರ ಪಾರ ಆಗ್ತೇನಿ ಅಂತ ನಿನಗ ಗೊತ್ತಿತ್ತು?”

“ಗೊತ್ತಿತ್ರಿ” ಎಂದ ಹಾಲಸಿದ್ದಪ್ಪ.

“ಮತ್ತ?”

ಹಾಲಸಿದ್ದಪ್ಪ ಟಾಕಿಯ ಮುಚ್ಚಳ ತಿರುವಿ ಹಾಕುತ್ತಿದ್ದ. ಅದನ್ನು ಮುಗಿಸಿ, ಕೈ ಒರೆಸಿಕೊಂಡ.

“ದಿನಾ ಸುಡೂ ಎಣ್ಣಿ ನಿಮ್ಮ ಸಲುವಾಗಿ ಸುಡತೈತ್ರಿ. ನೀವು ತಂಪಿನ್ಯಾಗ ಕುಂದರತೀರಿ, ಅಕ್ಕಾರು ತವರಮನಿಗಿ ಹೊಕ್ಕಾರ, ಬೆಲ್ಲ ಹೊಕ್ಕೈತಿ. ನೀವು ಹೊಡಿ ಅಂತೀರಿ, ಹೊಡೀತೇನಿ. ಇವತ್ತೂ ನೀವು ಎಸಿ ಹಚ್ಚಂದಿದ್ರ ಹಚ್ಚತಿದ್ದೆ. ನೀವು ಅನ್ನಲಿಲ್ಲ” ಎಂದ. “ನಾನಾಗೇ ಒತ್ತಿ ಸುಟ್ಟಿದ್ರ ಅದು ನನ್ನ ಸಲುವಾಗಿ ಸುಟ್ಟಂಗ ಆಗತಿತ್ತು. ಟಾಕಿ ನಿಮ್ದು. ಅದಕ್ಕೇನಂತಾರ್ರಿ? ಇಷ್ಟ ವರ್ಷದಾಗ ಒಂದ ಹನಿ ಮುಟ್ಟಿಲ್ಲ. ಕಳ್ಳ ಅಲ್ಲ ಅನ್ನಿಸ್ಕೊಳ್ಳಾಕ ಇವತ್ತ ಕಳುವು ಮಾಡಲೇನ್ರಿ?”

ಸಾಬಣ್ಣನಿಗೆ ತಾನು ಅನಗವಾಡಿಯಿಂದ ಇಲ್ಲಿಯತನಕ ಈ ಮನುಷ್ಯನನ್ನು ಹುಚ್ಚ ಎಂದುಕೊಳ್ಳುತ್ತ ಬಂದದ್ದು ನೆನಪಾಯಿತು. ಹಾಲಸಿದ್ದಪ್ಪ ಚಾವಿಯನ್ನು ಬಾನೆಟ್ಟಿನ ಮೇಲೆ ಇಟ್ಟು, ಸಾಹುಕಾರರಿಗೆ ಕೈಮುಗಿದು, ಬಸ್ ಸ್ಟ್ಯಾಂಡಿನ ಕಡೆ ಹೊರಟ.

“ಹಾಲಸಿದ್ದಪ್ಪಾ” ಎಂದು ಸಾಹುಕಾರರು ಕರೆದರು. ಇಷ್ಟು ವರ್ಷದಲ್ಲಿ ಅವರು ಅವನ ಹೆಸರನ್ನು ಪೂರ್ತಿ ಕರೆದದ್ದು ಅದೇ ಮೊದಲಿರಬೇಕು. ಅವನು ನಿಂತ. ಅವರು ಚಾವಿ ತೆಗೆದುಕೊಂಡು ಅವನ ಹತ್ತಿರ ತಾವೇ ನಡೆದು ಹೋದರು.

“ಪ್ಯಾಟ್ಯಾಗ ಸವಾಲ ಇನ್ನೂ ನಡದಿರತೈತಿ” ಎಂದರು. “ಎಲ್ಲಿ ಅಂದಿದ್ನೋ ಅಲ್ಲೇ ಹೋಗೂಣು. ಯಾರ ಮುಂದ ಅಂದಿದ್ನೋ ಅವರ ಮುಂದ ನಾ ತಪ್ಪಿದೆ ಅಂತ ಹೇಳತೇನಿ. ನಡಿ, ಗಾಡಿ ತಗಿ.”

ಹಾಲಸಿದ್ದಪ್ಪ ಚಾವಿ ಕೈಗೆ ತೆಗೆದುಕೊಳ್ಳುವ ಮೊದಲು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ.

ಸಾಬಣ್ಣ ಜಮಖಂಡಿಯ ಬಸ್ಸು ಹಿಡಿಯಲೆಂದು ಮೆಲ್ಲಗೆ ಹಿಂದೆ ಸರಿಯುತ್ತಿದ್ದ. ಸಾಹುಕಾರರು ಕಾರಿನ ಬಾಗಿಲು ತೆರೆದು ಹಿಡಿದುಕೊಂಡೇ ಅವನನ್ನು ತಡೆದರು.

“ನೀ ಎಲ್ಲಿಗಿ ಹೊಂಟಿ? ಹತ್ತು.”

“ನಾ ಅಲ್ಲಿ ಬಂದ ಏನ ಹೇಳಲ್ರಿ ಸಾವಕಾರ್ರ?”

“ಈಗ ಹೇಳಿದ್ಯಲ್ಲ, ನಿನ್ನ ಖರೇದಾಗ ಯಾರೂ ಬದುಕಂಗಿಲ್ಲ ಅಂತ. ಅದನ್ನ ಹೇಳು.”

ಸಾಬಣ್ಣ ಹತ್ತಿ ಕೂತ.